ಪರನಾಡಿನ ಅಂಗಳದ ಗುರು

ಬೆಂಗಳೂರಿನಿಂದ ವಾಯವ್ಯ ದಿಕ್ಕಿಗೆ ಹೊರಟ ಹೆದ್ದಾರಿಯು ಪೀಣ್ಯದ ಕಾರ್ಖಾನೆಗಳನ್ನು ಹಿಂದಿಕ್ಕಿ, ಮಾಕಳಿಯನ್ನು ಹಾದು, ನೆಲಮಂಗಲದ ಕಡೆಗೆ ಸಾಗುತ್ತದೆ. ಈ ದಾರಿಯಲ್ಲಿ ಹಗಲಿರುಳೂ ಸರಕು ಸಾಗುತ್ತದೆ. ಸರಕಿನೊಡನೆ ಮನುಷ್ಯರ ಕಸುಬೂ ಸಾಗುತ್ತದೆ. ದೂರದ ಊರಿನಲ್ಲಿ ಲೇತ್ ಯಂತ್ರದ ಕೆಲಸ ಕಲಿತವನು ಇಲ್ಲಿಗೆ ಬಂದು, ಮತ್ತಾವುದೋ ಊರಿನಿಂದ ಬಂದ ಹುಡುಗನಿಗೆ ಅದನ್ನು ಹೇಳಿಕೊಡುತ್ತಾನೆ. ಹೇಳಿಕೊಟ್ಟದ್ದರಿಂದ ಅವನ ಕೈಯ ಕಸುಬು ಕಡಿಮೆಯಾಗುವುದಿಲ್ಲ. ಹುಡುಗನು ನಾಳೆ ತನಗಿಂತ ಚೆನ್ನಾಗಿ ಕೆಲಸ ಮಾಡಿದರೂ ಮಾಡಬಹುದು ಎಂಬುದು ಅವನಿಗೆ ತಿಳಿದಿದೆ; ಆದರೂ ಹೇಳಿಕೊಡುತ್ತಾನೆ. ಕಸುಬು ಉಳಿದು ಬಂದಿರುವುದೇ ಹೀಗೆ.

ಆಟದ ವಿದ್ಯೆಯೂ ಇದಕ್ಕೆ ಹೊರತಲ್ಲ. ಯಾವ ಆಟವೂ ತಾನು ಹುಟ್ಟಿದ ಅಂಗಳದಲ್ಲಿಯೇ ನಿಂತಿಲ್ಲ. ರಗ್ಬಿ ಎಂಬ ಆಟವನ್ನು ನೋಡಿ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಈ ಆಟಕ್ಕೆ ಆ ಹೆಸರು ಬಂದದ್ದು ಇಂಗ್ಲೆಂಡಿನ ರಗ್ಬಿ ಎಂಬ ಊರಿನ ಶಾಲೆಯಿಂದ. ಆ ಶಾಲೆಯ ವಿದ್ಯಾರ್ಥಿಗಳು 1845ರಲ್ಲಿ ಆಟದ ನಿಯಮಗಳನ್ನು ಮೊದಲ ಬಾರಿಗೆ ಬರವಣಿಗೆಗೆ ಇಳಿಸಿದರು. ಇಂಗ್ಲೆಂಡಿನಲ್ಲಿ ಓದಿ ತನ್ನ ನಾಡಿಗೆ ಮರಳಿದ ಚಾರ್ಲ್ಸ್ ಮನ್ರೋ ಎಂಬ ತರುಣನು 1870ರಲ್ಲಿ ಅದನ್ನು ನ್ಯೂಜಿಲೆಂಡಿನ ನೆಲ್ಸನ್ ನಗರದಲ್ಲಿ ಪರಿಚಯಿಸಿದನು. ಅದೇ ಕಾಲದಲ್ಲಿ ನಮ್ಮ ಕಲ್ಕತ್ತೆಯಲ್ಲಿಯೂ ಇಂಗ್ಲಿಷರು ಈ ಆಟವನ್ನು ಆಡುತ್ತಿದ್ದರು. ಅಲ್ಲಿಯ ಕ್ಲಬ್ಬು ಮುಚ್ಚಿದಾಗ ಉಳಿದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲನ್ನು ಮಾಡಿಸಿದರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು 1879ರಿಂದ ಇಂದಿನವರೆಗೂ ಹೋರಾಡುತ್ತಿರುವುದು ‘ಕಲ್ಕತ್ತಾ ಕಪ್’ ಎಂಬ ಆ ಬಟ್ಟಲಿಗಾಗಿಯೇ.

ಹೀಗೆ ಹೊರನಾಡಿಗೆ ಹೋದ ವಿದ್ಯೆಯು ಒಮ್ಮೊಮ್ಮೆ ತವರಿನ ನೆರೆಹೊರೆಗೆ ಗುರುವಿನ ರೂಪದಲ್ಲಿ ಮರಳಿ ಬರುವುದುಂಟು. ನ್ಯೂಜಿಲೆಂಡಿನ ವಾರೆನ್ ಗ್ಯಾಟ್ಲೆಂಡ್ ಎಂಬವರು ತಮ್ಮ ದೇಶದ ತಂಡದಲ್ಲಿ ಆಯ್ಕೆಯಾಗಿದ್ದರೂ, ಅವರ ಸ್ಥಾನದಲ್ಲಿ ಆಡುತ್ತಿದ್ದ ಇನ್ನೊಬ್ಬ ಶ್ರೇಷ್ಠ ಆಟಗಾರನ ಕಾರಣದಿಂದ ಒಂದೇ ಒಂದು ಟೆಸ್ಟ್ ಪಂದ್ಯವನ್ನೂ ಆಡಲಾಗಲಿಲ್ಲ. ಅವರು 1989ರಲ್ಲಿ ತಂಡದೊಡನೆ ಐರ್ಲೆಂಡಿಗೆ ಹೋದಾಗ, ಗಾಲ್ವೇ ಪಟ್ಟಣದ ಗಾಲ್ವೀಜಿಯನ್ಸ್ ಎಂಬ ಊರಿನ ಕ್ಲಬ್ಬು ಅವರನ್ನು ತರಬೇತಿಗೆ ಕರೆಯಿತು. ಸಣ್ಣ ಕ್ಲಬ್ಬಿನಲ್ಲಿ ಆರಂಭವಾದ ಆ ಕಾಯಕವು ಅವರನ್ನು ಐರ್ಲೆಂಡ್ ತಂಡಕ್ಕೂ, 2007ರ ಕೊನೆಯಲ್ಲಿ ವೇಲ್ಸ್ ತಂಡಕ್ಕೂ ಕರೆದೊಯ್ದಿತು. ವೇಲ್ಸ್ ತಂಡವು 2008, 2012 ಮತ್ತು 2019ರಲ್ಲಿ ಆರು ರಾಷ್ಟ್ರಗಳ ಪಂದ್ಯಾವಳಿಯಲ್ಲಿ ಒಂದು ಪಂದ್ಯವನ್ನೂ ಸೋಲದೆ ಪ್ರಶಸ್ತಿಯನ್ನು ಗೆದ್ದಿತು. ಹನ್ನೆರಡು ವರ್ಷಗಳ ಆ ಅವಧಿಯಲ್ಲಿ ಅವರು ವೇಲ್ಸ್ ಪರವಾಗಿ ಕುಳಿತು ನೋಡಿದ ಕೊನೆಯ ಪಂದ್ಯ 2019ರ ವಿಶ್ವಕಪ್ಪಿನಲ್ಲಿ ಮೂರನೆಯ ಸ್ಥಾನಕ್ಕಾಗಿ ನಡೆದದ್ದು. ಎದುರಿಗೆ ಇದ್ದದ್ದು ಅವರ ತವರಾದ ನ್ಯೂಜಿಲೆಂಡ್. ಅಂದು ವೇಲ್ಸ್ ಸೋತಿತು.

ತನ್ನದಲ್ಲದ ನಾಡಿಗೆ ಹೋಗಿ, ತನ್ನ ಹೆಸರಿನಲ್ಲಿ ಬರೆಯಲ್ಪಡದ ಗೆಲುವಿಗಾಗಿ ದುಡಿಯುವುದು ಎಂಥ ಕೆಲಸ? ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಾಕಳಿಯನ್ನು ಹಾದುಹೋಗುವ ಅದೇ ಹೆದ್ದಾರಿಯಲ್ಲಿ ತುಮಕೂರು, ಚಿತ್ರದುರ್ಗ, ದಾವಣಗೆರೆಗಳನ್ನು ದಾಟಿದರೆ ಹುಬ್ಬಳ್ಳಿ ಸಿಗುತ್ತದೆ. ಅಲ್ಲಿಂದ ಪೂರ್ವಕ್ಕೆ ಗದಗ. ಆ ಗದುಗಿನ ಹುಡುಗನೊಬ್ಬನ ಬಾಳಿನಲ್ಲಿಯೇ ಈ ಪ್ರಶ್ನೆಗೆ ಉತ್ತರವಿದೆ.

ಸುನೀಲ್ ಬಂಡಾಚಾರ್ಯ ಜೋಶಿಯವರು ಜನಿಸಿದ್ದು 1970ರ ಜೂನ್ 6ರಂದು. ಹುಡುಗನಾಗಿದ್ದಾಗ ಅವರು ಕ್ರಿಕೆಟ್ ಅಭ್ಯಾಸಕ್ಕಾಗಿ ನಸುಕಿನಲ್ಲಿಯೇ ಗದಗಿನಿಂದ ಸುಮಾರು 40 ಮೈಲಿ ದೂರದ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. ತಾನು ಇದ್ದಲ್ಲಿಗೆ ವಿದ್ಯೆ ಬರಲಿ ಎಂದು ಕಾಯದೆ, ವಿದ್ಯೆ ಇದ್ದಲ್ಲಿಗೆ ತಾನೇ ಹೋಗಬೇಕೆಂಬುದನ್ನು ಆ ದಾರಿಯೇ ಅವರಿಗೆ ಕಲಿಸಿತು.

ಎಡಗೈಯಲ್ಲಿ ನಿಧಾನಗತಿಯ ಸ್ಪಿನ್ ಬೌಲಿಂಗ್ ಮಾಡುತ್ತ, ಎಡಗೈಯಲ್ಲಿಯೇ ಬ್ಯಾಟು ಬೀಸುತ್ತ ಅವರು ಕರ್ನಾಟಕ ತಂಡವನ್ನು ಸೇರಿದರು. ಕರ್ನಾಟಕವು ರಣಜಿ ಪ್ರಶಸ್ತಿಯನ್ನು ಗೆದ್ದ 1995–96ರ ಸಾಲಿನಲ್ಲಿ ಜೋಶಿಯವರು 500ಕ್ಕೂ ಹೆಚ್ಚು ಓಟಗಳನ್ನೂ 50ಕ್ಕೂ ಹೆಚ್ಚು ವಿಕೆಟ್‌ಗಳನ್ನೂ ಗಳಿಸಿದರು. ಅವರು ಭಾರತದ ಪರವಾಗಿ ಮೊದಲ ಟೆಸ್ಟ್ ಪಂದ್ಯವನ್ನಾಡಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಗಳಕ್ಕಿಳಿದ ದಿನ 1996ರ ಜೂನ್ 6. ಅಂದು ಅವರಿಗೆ 26 ವರ್ಷ ತುಂಬಿತ್ತು. ಕೀನ್ಯಾದ ನೈರೋಬಿಯಲ್ಲಿ 1999ರ ಸೆಪ್ಟೆಂಬರಿನಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ನಡೆದ ಒಂದು ದಿನದ ಪಂದ್ಯದಲ್ಲಿ ಅವರು 10 ಓವರುಗಳಲ್ಲಿ ಕೇವಲ 6 ಓಟಗಳನ್ನು ಕೊಟ್ಟು 5 ವಿಕೆಟ್‌ಗಳನ್ನು ಪಡೆದರು.

ಆದರೆ ಅವರ ಮುಂದಿನ ಬಾಳಿಗೆ ಹೆಚ್ಚು ಹತ್ತಿರವಾದ ಪಂದ್ಯ ಇನ್ನೊಂದಿದೆ. ಬಾಂಗ್ಲಾದೇಶವು ತನ್ನ ಇತಿಹಾಸದ ಮೊಟ್ಟಮೊದಲ ಟೆಸ್ಟ್ ಪಂದ್ಯವನ್ನು 2000ದ ನವೆಂಬರ್ 10ರಿಂದ ಢಾಕಾ ನಗರದಲ್ಲಿ ಭಾರತದ ವಿರುದ್ಧ ಆಡಿತು. ಅಮೀನುಲ್ ಇಸ್ಲಾಂ ಅವರು 145 ಓಟಗಳನ್ನು ಗಳಿಸಲು, ಹೊಸ ತಂಡವು ಮೊದಲ ಸರದಿಯಲ್ಲಿಯೇ 400ರ ಮೊತ್ತವನ್ನು ಮುಟ್ಟಿತು. ಆ ಸರದಿಯಲ್ಲಿ ಐದು ವಿಕೆಟ್‌ಗಳನ್ನು ಪಡೆದವರು ಜೋಶಿ. ಬಳಿಕ ನಾಯಕ ಸೌರವ್ ಗಂಗೂಲಿಯವರ ಜೊತೆಗೂಡಿ ಭಾರತವನ್ನು ಮುನ್ನಡೆಯ ಕಡೆಗೆ ಒಯ್ದು, 92 ಓಟಗಳನ್ನು ಗಳಿಸಿದವರೂ ಅವರೇ. ಎರಡನೆಯ ಸರದಿಯಲ್ಲಿ ಬಾಂಗ್ಲಾದೇಶವು 91 ಓಟಗಳಿಗೆ ಕುಸಿಯಿತು. ಜೋಶಿಯವರು ಇನ್ನೂ ಮೂರು ವಿಕೆಟ್‌ಗಳನ್ನು ಪಡೆದರು. ಭಾರತವು 9 ವಿಕೆಟ್‌ಗಳಿಂದ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವವು ಗದುಗಿನ ಯುವಕನಿಗೆ ಸಂದಿತು. ಒಂದು ನಾಡಿನ ಜನರು ಹಬ್ಬದಂತೆ ಕಾದಿದ್ದ ಪಂದ್ಯದಲ್ಲಿ ಅವರ ಆಸೆಯನ್ನು ಮುರಿದ ಕೈಗಳು ಜೋಶಿಯವರವು.

ಅವರು 2001ರ ಅನಂತರ ಭಾರತ ತಂಡದಲ್ಲಿ ಆಡಲಿಲ್ಲ. ಒಟ್ಟು 15 ಟೆಸ್ಟ್ ಮತ್ತು 69 ಒಂದು ದಿನದ ಪಂದ್ಯಗಳು ಅವರ ಪಾಲಿಗೆ ಬಂದುವು. ಆದರೂ ಅವರು ದೇಶದೊಳಗಿನ ಪಂದ್ಯಗಳಲ್ಲಿ ಹಲವು ವರ್ಷ ದುಡಿದು, ಪ್ರಥಮ ದರ್ಜೆಯ ಕ್ರಿಕೆಟ್ಟಿನಲ್ಲಿ 600ಕ್ಕೂ ಮಿಕ್ಕ ವಿಕೆಟ್‌ಗಳನ್ನು ಗಳಿಸಿದರು. ದೊಡ್ಡ ಅಂಗಳ ಕೈತಪ್ಪಿದ ಮೇಲೂ ಚಿಕ್ಕ ಅಂಗಳದಲ್ಲಿ ಶ್ರದ್ಧೆ ಬಿಡದವನಿಗೆ ಕಸುಬಿನ ಒಳಗುಟ್ಟುಗಳು ತಿಳಿಯುತ್ತವೆ. ಅಂಥವನೇ ಒಳ್ಳೆಯ ಗುರುವಾಗಬಲ್ಲನು.

ಗುರುವಾಗಿ ಅವರ ಹೆಸರು ಮೊದಲು ಬೆಳಗಿದ್ದು ಜಮ್ಮು ಕಾಶ್ಮೀರದಲ್ಲಿ. 2014ರ ಸೆಪ್ಟೆಂಬರಿನಲ್ಲಿ ಬಂದ ಭೀಕರ ಪ್ರವಾಹದಿಂದ ಶ್ರೀನಗರದ ಕ್ರೀಡಾಂಗಣವೇ ನೀರುಪಾಲಾಗಿತ್ತು. ಅಭ್ಯಾಸಕ್ಕೆ ತಮ್ಮ ನೆಲವೇ ಇಲ್ಲದ ಆ ಆಟಗಾರರು, ಜೋಶಿಯವರ ತರಬೇತಿಯಲ್ಲಿ, ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಗೆ ಹೋಗಿ, ಅದುವರೆಗೆ 40 ಬಾರಿ ರಣಜಿ ಪ್ರಶಸ್ತಿಯನ್ನು ಗೆದ್ದಿದ್ದ ಮುಂಬಯಿ ತಂಡವನ್ನು ಅದರ ಸ್ವಂತ ಅಂಗಳದಲ್ಲಿಯೇ ಸೋಲಿಸಿದರು. ಮುಂದೆ ಅವರು ಒಮಾನ್ ತಂಡದ ಸ್ಪಿನ್ ತರಬೇತುದಾರರಾದರು. ಆ ತಂಡದ ಅನೇಕರು ಹಗಲು ಕಚೇರಿಗಳಲ್ಲಿ ದುಡಿದು ಬಿಡುವಿನಲ್ಲಿ ಕ್ರಿಕೆಟ್ ಆಡುತ್ತಿದ್ದ ವಲಸಿಗರು. ಅಂಥ ತಂಡವು 2016ರ ಮಾರ್ಚ್ 9ರಂದು ಧರ್ಮಶಾಲೆಯಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಐರ್ಲೆಂಡನ್ನು 2 ವಿಕೆಟ್‌ಗಳಿಂದ ಸೋಲಿಸಿತು.

ಅನಂತರ, 2017ರ ಆಗಸ್ಟಿನಲ್ಲಿ, ಬಾಂಗ್ಲಾದೇಶವು ಅವರನ್ನು ಸ್ಪಿನ್ ತರಬೇತಿಗೆ ಕರೆಯಿತು. ಹದಿನೇಳು ವರ್ಷಗಳ ಹಿಂದೆ ಯಾವ ನಾಡಿನ ಮೊದಲ ಪಂದ್ಯವನ್ನು ಕಸಿದುಕೊಂಡಿದ್ದರೋ ಆ ನಾಡಿಗೆ ಅವರು ಗುರುವಾಗಿ ಹೋದರು. ಕರೆದವರು ಹಳೆಯ ಸೋಲನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ತಮ್ಮನ್ನು ಸೋಲಿಸಿದ ವಿದ್ಯೆ ಯಾವುದೋ ಅದನ್ನು ಕಲಿಯಬೇಕು ಎಂಬ ವಿವೇಕ ಅವರಲ್ಲಿತ್ತು. ಹೋದವರೂ ಹಳೆಯ ಗೆಲುವನ್ನು ಹೊತ್ತುಕೊಂಡು ಹೋಗಲಿಲ್ಲ.

ಸ್ಪಿನ್ ಬೌಲಿಂಗ್ ಕಲಿಸುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಚೆಂಡಿನ ಹೊಲಿಗೆಯ ಮೇಲೆ ತೋರುಬೆರಳನ್ನೂ ನಡುಬೆರಳನ್ನೂ ಅಗಲಿಸಿ ಹಿಡಿಯಬೇಕು. ಚೆಂಡು ಕೈಬಿಡುವ ಕ್ಷಣದಲ್ಲಿ ಬೆರಳುಗಳು ಅದನ್ನು ತಿರುಚಬೇಕು. ನೆಲಕ್ಕೂರಿದ ಮುಂಗಾಲಿನ ಮೇಲೆ ಇಡೀ ಮೈ ಬುಗುರಿಯಂತೆ ತಿರುಗಬೇಕು. ಚೆನ್ನಾಗಿ ಸುತ್ತಿದ ಚೆಂಡು ಗಾಳಿಯಲ್ಲಿ ಬರುತ್ತಿರುವಾಗಲೇ, ಬ್ಯಾಟುಗಾರನು ಎಣಿಸಿದ್ದಕ್ಕಿಂತ ಮೊದಲೇ ಕೆಳಗಿಳಿಯುತ್ತದೆ. ನೆಲಕ್ಕೆ ತಾಗಿದೊಡನೆ ದಾರಿ ಬದಲಿಸುತ್ತದೆ. ಒಂದೇ ರೀತಿಯಲ್ಲಿ ಕೈ ಬೀಸುತ್ತ ಒಂದು ಚೆಂಡನ್ನು ತುಸು ವೇಗವಾಗಿಯೂ ಮತ್ತೊಂದನ್ನು ತುಸು ನಿಧಾನವಾಗಿಯೂ ಬಿಡಬಲ್ಲವನೇ ನಿಜವಾದ ಸ್ಪಿನ್ನರ್. ಇದನ್ನೆಲ್ಲ ಮಾತಿನಿಂದ ಹೇಳಿ ಮುಗಿಸಲಾಗದು. ಪ್ರತಿಯೊಬ್ಬನ ಬೆರಳಿನ ಉದ್ದ ಬೇರೆ, ಭುಜದ ಎತ್ತರ ಬೇರೆ, ಸ್ವಭಾವ ಬೇರೆ. ಗುರುವಾದವನು ತನ್ನ ಕೈಯನ್ನು ಶಿಷ್ಯನಿಗೆ ಅಂಟಿಸಲಾರನು. ಶಿಷ್ಯನ ಕೈಯಲ್ಲಿಯೇ ಅಡಗಿರುವುದನ್ನು ಹೊರಗೆ ತರಬೇಕು. ಅದರಲ್ಲಿಯೂ ಭಾಷೆ ಬೇರೆ, ನೆಲ ಬೇರೆ, ಊಟ ಬೇರೆ ಆದ ನಾಡಿನಲ್ಲಿ ಕಲಿಸಬೇಕಾದರೆ ಗುರುವೇ ಮೊದಲು ವಿದ್ಯಾರ್ಥಿಯಾಗಬೇಕು.

ಜೋಶಿಯವರು ಸೇರಿದ ಕೆಲವೇ ದಿನಗಳಲ್ಲಿ ಬಾಂಗ್ಲಾದೇಶವು ಢಾಕಾದ ಮೀರ್‌ಪುರ ಅಂಗಳದಲ್ಲಿ ಆಸ್ಟ್ರೇಲಿಯವನ್ನು 20 ಓಟಗಳಿಂದ ಸೋಲಿಸಿತು. ಟೆಸ್ಟ್ ಪಂದ್ಯದಲ್ಲಿ ಆಸ್ಟ್ರೇಲಿಯದ ಮೇಲೆ ಅದಕ್ಕೆ ದೊರೆತ ಮೊದಲ ಗೆಲುವು ಅದು; ಎಡಗೈ ಸ್ಪಿನ್ನರ್ ಶಕೀಬ್ ಅಲ್ ಹಸನ್ ಹತ್ತು ವಿಕೆಟ್‌ಗಳನ್ನು ಪಡೆದಿದ್ದರು. ಆಗ ತಾನೇ ಬಂದ ಗುರುವಿಗೆ ಆ ಕೀರ್ತಿಯನ್ನು ಕೊಡುವುದು ಸರಿಯಾಗದು. ಗುರುವಿನ ಕೆಲಸ ಕಾಣಿಸಲು ಕಾಲ ಬೇಕು.

ಆ ಕಾಲ ಬರುವ ಮೊದಲು ಕಠಿನವಾದ ಪರೀಕ್ಷೆಯ ದಿನಗಳೂ ಬಂದುವು. ಕೊಲಂಬೊ ನಗರದಲ್ಲಿ 2018ರ ಮಾರ್ಚ್ 18ರಂದು ನಡೆದ ತ್ರಿಕೋನ ಪಂದ್ಯಾವಳಿಯ ಕೊನೆಯ ಹೋರಾಟದಲ್ಲಿ ಬಾಂಗ್ಲಾದೇಶದ ಎದುರಾಳಿ ಭಾರತವೇ ಆಗಿತ್ತು. ಭಾರತಕ್ಕೆ ಕೊನೆಯ ಚೆಂಡಿನಲ್ಲಿ 5 ಓಟಗಳು ಬೇಕಾಗಿದ್ದುವು. ದಿನೇಶ್ ಕಾರ್ತಿಕ್ ಅವರು ಆ ಚೆಂಡನ್ನು ಸಿಕ್ಸರಿಗೆ ಅಟ್ಟಿದರು. ಅದೇ ವರ್ಷದ ಸೆಪ್ಟೆಂಬರ್ 28ರಂದು ದುಬೈಯಲ್ಲಿ ನಡೆದ ಏಷ್ಯಾ ಕಪ್ಪಿನ ಅಂತಿಮ ಪಂದ್ಯದಲ್ಲಿಯೂ ಭಾರತವು ಬಾಂಗ್ಲಾದೇಶವನ್ನು ಕೊನೆಯ ಚೆಂಡಿನಲ್ಲಿಯೇ ಸೋಲಿಸಿತು. ಆ ಎರಡು ಸಂಜೆಗಳಲ್ಲಿಯೂ ಕರ್ನಾಟಕದ ಮನೆಮನೆಗಳಲ್ಲಿ ಸಂತೋಷವಿತ್ತು. ಆದರೆ ಕರ್ನಾಟಕದವರೇ ಆದ ಜೋಶಿಯವರು ಆ ದಿನಗಳಲ್ಲಿ ಸೋತವರಿಗೆ ಗುರುವಾಗಿದ್ದರು. ಗುರುವಿನ ಸ್ಥಾನ ಶಿಷ್ಯರ ಪಕ್ಕದಲ್ಲಿರುತ್ತದೆ. ಗೆದ್ದವರು ತನ್ನ ನಾಡಿನವರೇ ಆದರೂ ಅದು ಬದಲಾಗುವುದಿಲ್ಲ.

ಫಲ ಕಂಡದ್ದು ಆ ವರ್ಷದ ಕೊನೆಯಲ್ಲಿ. ವೆಸ್ಟ್ ಇಂಡೀಸ್ ತಂಡವು ಎರಡು ಟೆಸ್ಟ್ ಪಂದ್ಯಗಳಿಗಾಗಿ ಬಾಂಗ್ಲಾದೇಶಕ್ಕೆ ಬಂದಿತು. ನವೆಂಬರ್ 22ರಂದು ಚಟ್ಟೋಗ್ರಾಮದಲ್ಲಿ ಆರಂಭವಾದ ಮೊದಲ ಪಂದ್ಯದಲ್ಲಿ ನಯೀಮ್ ಹಸನ್ ಎಂಬ ಹೊಸ ಹುಡುಗ ಕಣಕ್ಕಿಳಿದನು. ಅವನಿಗೆ 18 ತುಂಬಲು ಇನ್ನೂ ಕೆಲವು ದಿನಗಳು ಬಾಕಿಯಿದ್ದುವು. ಅವನು ತನ್ನ ಮೊದಲ ಸರದಿಯಲ್ಲಿಯೇ 61 ಓಟಗಳಿಗೆ 5 ವಿಕೆಟ್‌ಗಳನ್ನು ಪಡೆದನು. ಅಷ್ಟು ಕಿರಿಯ ವಯಸ್ಸಿನಲ್ಲಿ, ತನ್ನ ಮೊದಲ ಟೆಸ್ಟಿನಲ್ಲಿಯೇ ಈ ಸಾಧನೆಯನ್ನು ಅದುವರೆಗೆ ಯಾರೂ ಮಾಡಿರಲಿಲ್ಲ. ಎರಡನೆಯ ಸರದಿಯಲ್ಲಿ ಎಡಗೈ ಸ್ಪಿನ್ನರ್ ತೈಜುಲ್ ಇಸ್ಲಾಂ 6 ವಿಕೆಟ್‌ಗಳನ್ನು ಪಡೆದು ಗೆಲುವನ್ನು ಖಚಿತಗೊಳಿಸಿದರು. ಮೀರ್‌ಪುರದಲ್ಲಿ ನಡೆದ ಎರಡನೆಯ ಪಂದ್ಯದಲ್ಲಿ ಬಾಂಗ್ಲಾದೇಶವು ವೇಗದ ಬೌಲರನ್ನೇ ಇಟ್ಟುಕೊಳ್ಳದೆ ಅಂಗಳಕ್ಕಿಳಿಯಿತು. ಮೆಹಿದಿ ಹಸನ್ ಮಿರಾಜ್ ಎರಡು ಸರದಿಗಳಲ್ಲಿ ಒಟ್ಟು 117 ಓಟಗಳಿಗೆ 12 ವಿಕೆಟ್‌ಗಳನ್ನು ಗಳಿಸಿದರು. ಬಾಂಗ್ಲಾದೇಶವು ಒಂದು ಸರದಿ ಮತ್ತು 184 ಓಟಗಳಿಂದ ಗೆದ್ದಿತು. ಟೆಸ್ಟ್ ಆಟದಲ್ಲಿ ಸರದಿಯ ಅಂತರದಿಂದ ಅದು ಪಡೆದ ಮೊದಲ ಗೆಲುವು ಇದು. ಎರಡು ಪಂದ್ಯಗಳಲ್ಲಿ ಬಿದ್ದ ಎದುರಾಳಿಗಳ 40 ವಿಕೆಟ್‌ಗಳೂ ಸ್ಪಿನ್ನರುಗಳ ಪಾಲಾಗಿದ್ದುವು.

ಆ ಗೆಲುವು ಬಂದ ದಿನ ಡಿಸೆಂಬರ್ 2; ನಯೀಮನ ಹದಿನೆಂಟನೆಯ ಹುಟ್ಟುಹಬ್ಬವೂ ಅಂದೇ. ಲೆಕ್ಕ ಹಾಕಿ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಢಾಕಾದಲ್ಲಿ ಜೋಶಿಯವರು ಬಾಂಗ್ಲಾದೇಶವನ್ನು ಸೋಲಿಸಿ ಶ್ರೇಷ್ಠ ಆಟಗಾರನೆನಿಸಿಕೊಂಡಾಗ ಈ ಹುಡುಗನು ಇನ್ನೂ ಹುಟ್ಟಿರಲಿಲ್ಲ. ಅವನು ಹುಟ್ಟಿದ್ದು ಆ ಪಂದ್ಯ ಮುಗಿದ ಮೂರು ವಾರಗಳೊಳಗೆ. ಹೀಗೆ ಒಂದೇ ಮನುಷ್ಯನು ಒಂದು ತಲೆಮಾರಿಗೆ ಎದುರಾಳಿಯೂ ಮುಂದಿನ ತಲೆಮಾರಿಗೆ ಗುರುವೂ ಆಗಿದ್ದನು.

ಅಂಕಪಟ್ಟಿಯಲ್ಲಿ ಆ 40 ವಿಕೆಟ್‌ಗಳ ಎದುರಿಗೆ ಜೋಶಿಯವರ ಹೆಸರಿಲ್ಲ, ಇರಬೇಕಾಗಿಯೂ ಇಲ್ಲ. ಚೆಂಡನ್ನು ಎಸೆದವರು, ಬಿಸಿಲಿನಲ್ಲಿ ದುಡಿದವರು ಆಟಗಾರರು. ಜೋಶಿಯವರ ಆ ಕೆಲಸವು 2019ರಲ್ಲಿ ಮುಗಿಯಿತು. ಅವರ ಸ್ಥಾನಕ್ಕೆ ನ್ಯೂಜಿಲೆಂಡಿನ ಹೆಸರಾಂತ ಎಡಗೈ ಸ್ಪಿನ್ನರ್ ಡೇನಿಯಲ್ ವೆಟ್ಟೋರಿ ಬಂದರು. ಜೋಶಿಯವರು 2020ರ ಮಾರ್ಚಿನಲ್ಲಿ ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾಗಿ ನೇಮಕಗೊಂಡರು. ಪರನಾಡಿಗೆ ಕಲಿಸಿದವನು ತನ್ನ ನಾಡಿಗೆ ಎರವಾದನೆಂದು ಯಾರೂ ಭಾವಿಸಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಆದರೂ ಕೆಲವರ ಮನಸ್ಸಿನಲ್ಲಿ ಒಂದು ಶಂಕೆ ಏಳುವುದುಂಟು. ನಮ್ಮ ನೆಲದಲ್ಲಿ ಕಲಿತ ವಿದ್ಯೆಯನ್ನು ಹಣ ಪಡೆದು ಪರರಿಗೆ ಕೊಡುವುದು ಸರಿಯೆ? ನಾಳೆ ಅದೇ ವಿದ್ಯೆ ನಮ್ಮನ್ನು ಸೋಲಿಸಿದರೆ? ಈ ಶಂಕೆ ಕೇವಲ ಕಲ್ಪನೆಯದಲ್ಲ. ಮಹಾರಾಷ್ಟ್ರದ ನಾಸಿಕದ ಶೈಲಜಾ ಜೈನ್ ಎಂಬ ಮಹಿಳೆಯು ಇರಾನಿಗೆ ಹೋಗಿ ಅಲ್ಲಿಯ ಹೆಣ್ಣುಮಕ್ಕಳಿಗೆ ಕಬಡ್ಡಿಯನ್ನು ಕಲಿಸಿದರು. ಜಕಾರ್ತದಲ್ಲಿ 2018ರ ಆಗಸ್ಟ್ 24ರಂದು ನಡೆದ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಇರಾನಿನ ಆ ತಂಡವು ಭಾರತವನ್ನು 27–24ರಿಂದ ಸೋಲಿಸಿ ಚಿನ್ನದ ಪದಕವನ್ನು ಗೆದ್ದಿತು. ನಮ್ಮ ನೆಲದ ಆಟದಲ್ಲಿ, ನಮ್ಮವರೇ ಕಲಿಸಿದವರ ಕೈಯಲ್ಲಿ, ನಾವು ಸೋತೆವು. ನೋವಾದದ್ದು ಸುಳ್ಳಲ್ಲ.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಢಾಕಾದ ಆ ಪಂದ್ಯ ನಡೆದ ವರ್ಷದ ಕೊನೆಯಲ್ಲಿಯೇ ಭಾರತ ತಂಡಕ್ಕೆ ಮೊದಲ ಬಾರಿಗೆ ಹೊರದೇಶದ ತರಬೇತುದಾರರೊಬ್ಬರು ಬಂದರು; ಅವರು ನ್ಯೂಜಿಲೆಂಡಿನ ಜಾನ್ ರೈಟ್. 2011ರ ಏಪ್ರಿಲ್ 2ರಂದು ಭಾರತವು ವಿಶ್ವಕಪ್ಪನ್ನು ಗೆದ್ದಾಗ ತಂಡದ ಗುರುವಾಗಿದ್ದವರು ದಕ್ಷಿಣ ಆಫ್ರಿಕದ ಗ್ಯಾರಿ ಕರ್ಸ್ಟನ್. ಕ್ರಿಕೆಟ್ ಎಂಬ ಆಟವೇ ನಮಗೆ ಹೊರಗಿನಿಂದ ಬಂದದ್ದು. ಪಡೆಯುವಾಗ ಕೈಯೊಡ್ಡಿ, ಕೊಡುವಾಗ ಮುಷ್ಟಿ ಬಿಗಿಯುವುದು ನ್ಯಾಯವಲ್ಲ. ಎದುರಾಳಿಯು ಬಲಗೊಂಡಾಗಲೇ ನಮ್ಮ ಬಲವೂ ಬೆಳೆಯುತ್ತದೆ. ದುರ್ಬಲರ ನಡುವೆ ಗೆದ್ದವನಿಗೆ ತನ್ನ ಅಳತೆಯೇ ತಿಳಿಯುವುದಿಲ್ಲ.

ನಸುಕಿನಲ್ಲಿ ಎದ್ದು ಗದಗಿನಿಂದ ಹುಬ್ಬಳ್ಳಿಗೆ ಹೋಗುತ್ತಿದ್ದ ಹುಡುಗನಿಗೆ ಆ ದಾರಿ ಢಾಕಾದವರೆಗೂ ಸಾಗುವುದೆಂದು ತಿಳಿದಿರಲಿಲ್ಲ. ಕಲಿಯಲು ಊರು ಬಿಟ್ಟವನು ಮುಂದೆ ಕಲಿಸಲು ನಾಡು ಬಿಟ್ಟನು. ಹೋಗುವಾಗ ಅವನ ಜೊತೆಗಿದ್ದದ್ದು ಕೈಯ ಕಸುಬು. ಅದನ್ನು ಅಲ್ಲಿ ಕೊಟ್ಟು ಬಂದನು. ಆದರೂ ಅದು ಅವನ ಕೈಯಲ್ಲಿಯೇ ಉಳಿದಿತ್ತು.

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
1. ‘ಕಲ್ಕತ್ತಾ ಕಪ್’ ಅನ್ನು ಯಾವುದರಿಂದ ಮಾಡಿಸಲಾಯಿತು?
2. ಸುನೀಲ್ ಜೋಶಿಯವರು ಹುಡುಗನಾಗಿದ್ದಾಗ ಅಭ್ಯಾಸಕ್ಕಾಗಿ ಎಲ್ಲಿಗೆ ಹೋಗುತ್ತಿದ್ದರು?
3. ಬಾಂಗ್ಲಾದೇಶದ ಮೊದಲ ಟೆಸ್ಟ್ ಪಂದ್ಯ ಯಾವಾಗ, ಎಲ್ಲಿ ನಡೆಯಿತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಪರನಾಡಿನಲ್ಲಿ ಕಲಿಸುವ ಗುರುವೇ ಮೊದಲು ವಿದ್ಯಾರ್ಥಿಯಾಗಬೇಕು ಏಕೆ?
2. 2018ರ ಎರಡು ಅಂತಿಮ ಪಂದ್ಯಗಳು ಜೋಶಿಯವರಿಗೆ ಪರೀಕ್ಷೆಯ ದಿನಗಳಾದುದು ಹೇಗೆ?

ಇ) ವಿವರವಾಗಿ ಬರೆಯಿರಿ.
‘ಪಡೆಯುವಾಗ ಕೈಯೊಡ್ಡಿ, ಕೊಡುವಾಗ ಮುಷ್ಟಿ ಬಿಗಿಯುವುದು ನ್ಯಾಯವಲ್ಲ.’ ಈ ಮಾತನ್ನು ಪಾಠದ ನಿದರ್ಶನಗಳಿಂದ ಸಮರ್ಥಿಸಿ. ನಿಮಗೆ ಬೇರೆ ಅಭಿಪ್ರಾಯವಿದ್ದರೆ ಕಾರಣಸಹಿತ ತಿಳಿಸಿ.

ಈ) ವಿಗ್ರಹವಾಕ್ಯವನ್ನು ಬರೆದು ಸಮಾಸವನ್ನು ಹೆಸರಿಸಿ.
ಹೆದ್ದಾರಿ, ಮುಂಗಾಲು.